ಕಿರ್ದಿ ಪುಸ್ತಕದ ರಟ್ಟಿನೊಳಗೆ ಮೈಸೂರು ಚಲೋ: ಬಿಚ್ಚಿದ್ದು, ತೊಳೆದದ್ದು, ಕೆಡಿಸಿದ್ದು

ಮೊದಲೇ ಹೇಳಿಬಿಡುತ್ತೇನೆ. ಹಳೇ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕದ ರಟ್ಟು ಬಿಚ್ಚಿದಾಗ ಐದು ಹಾಳೆ ಸಿಕ್ಕವು, ಬಹುಪಾಲು 1947ರ ಮೈಸೂರು ಚಲೋ ಕಾಲದ ಕರಪತ್ರ. ಮೈಸೂರು ಸಂಸ್ಥಾನಕ್ಕೆ ಜವಾಬ್ದಾರಿ ಸರ್ಕಾರ, ಅಂದರೆ ಜನರಿಗೆ ಉತ್ತರ ಕೊಡುವ ಸರ್ಕಾರ ಬೇಕೆಂದು ನಡೆದ ಚಳವಳಿ ಅದು. ಅದರಲ್ಲಿ ಒಂದನ್ನು ನಾನೇ ಕೆಡಿಸಿದೆ, ಇನ್ನೊಂದಕ್ಕೆ ಕಲೆ ಹಚ್ಚಿದೆ. ಯಾರಾದರೂ ಇಂಥ ಕೆಲಸಕ್ಕೆ ಕೈ ಹಾಕುವುದಾದರೆ ಫೆಬ್ರುವರಿ 9ರ ಭಾಗವನ್ನು ಮಾತ್ರ ಓದಿದರೂ ಸಾಕು.

ನಾನು ದಾವಣಗೆರೆಯ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಕೆಲಸ ಮಾಡುವವನು. ಮದುವೆ ಕಾರ್ಡು, ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ. ನಮ್ಮಪ್ಪ ಸೀಸದ ಅಚ್ಚುಮೊಳೆ ಜೋಡಿಸುವ ಕಾಲದ ಕಂಪೋಸಿಟರ್. ಹಳೇ ಕರಪತ್ರ ಕೂಡಿಡುವ ಹುಚ್ಚು ಬಹುಶಃ ಅಲ್ಲಿಂದಲೇ ಬಂದದ್ದು. ಸ್ವಾತಂತ್ರ್ಯ ಚಳವಳಿ ಕಾಲದ ಪುಸ್ತಕ ಹುಡುಕಿದರೆ ಸಿಗುತ್ತದೆ, ಕರಪತ್ರ ಸಿಗುವುದಿಲ್ಲ. ಓದಿ ಎಸೆಯಲಿಕ್ಕೇ ಅಚ್ಚು ಹಾಕಿದ ಕಾಗದ ಅದು. ಜೇಬಿನಲ್ಲಿದ್ದರೆ ಪೊಲೀಸರು ಹಿಡಿಯುತ್ತಿದ್ದರು, ಮನೆಯಲ್ಲಿದ್ದರೆ ಹೆಂಗಸರು ಒಲೆಗೆ ಹಾಕುತ್ತಿದ್ದರು.

ಈ ಕೆಲಸಕ್ಕೆ ಮುಂಚೆ ಮಾಡಿದ ಎರಡು ತಪ್ಪುಗಳ ಲೆಕ್ಕವೂ ಇರಲಿ. 2016ರಲ್ಲಿ ಏಕೀಕರಣದ ಒಂದು ಕರಪತ್ರ ಸಿಕ್ಕಿತ್ತು. ಖುಷಿಯಲ್ಲಿ ನಮ್ಮ ಪ್ರೆಸ್ಸಿನಲ್ಲೇ ಬಿಸಿ ಲ್ಯಾಮಿನೇಷನ್ ಹೊಡೆದೆ. ಈಗ ಅದು ಒಳಗೊಳಗೇ ಹಳದಿಯಾಗುತ್ತಿದೆ. ಪ್ಲಾಸ್ಟಿಕ್ ಬಿಡಿಸಲು ಹೋದರೆ ಅಕ್ಷರವೂ ಜೊತೆಗೇ ಬರುತ್ತದೆ. 2019ರಲ್ಲಿ ಊರೂರು ಸುತ್ತಿ ಹಳೇ ಸಾಮಾನು ಮಾರುವ ಒಬ್ಬರ ಹತ್ತಿರ 1942ರದ್ದು ಎಂದು 1,500 ರೂಪಾಯಿ ಕೊಟ್ಟು ಒಂದು ಹಾಳೆ ತಂದೆ. ಅಪ್ಪ ಹಿಂಬದಿಗೆ ಬೆರಳು ಸವರಿ, ‘ಲೇ ತಮ್ಮಾ, ಇದು ಮೊಳೇಲಿ ಹೊಡೆದದ್ದಲ್ಲಲೇ, ನೀ ಹೊಡೀತೀಯಲ್ಲ ಅಂಥದ್ದು’ ಎಂದರು. ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರದ ಅಂಚೆಲ್ಲಾ ಸಣ್ಣ ಸಣ್ಣ ಚುಕ್ಕಿ. ಚಹಾದ ನೀರಿನಲ್ಲಿ ಅದ್ದಿ ಒಣಗಿಸಿದ ಆಫ್‌ಸೆಟ್ ನಕಲು. ದಿನಾ ಪ್ಲೇಟು ತಿರುಗಿಸುವ ನನಗೇ ಗೊತ್ತಾಗಲಿಲ್ಲ.

ಜನವರಿ 12, ಭಾನುವಾರ: ಸಿಕ್ಕಿದ್ದು

ಗುಜರಿ ಅಂಗಡಿಯಲ್ಲಿ ರದ್ದಿ ಕೆದಕುತ್ತಿದ್ದೆ. ಒಂದು ಮಂಡಿಯ ಕಿರ್ದಿ ಪುಸ್ತಕ, ಕೆಂಪು ಬಟ್ಟೆಯ ಹೊದಿಕೆ. ಮೊದಲ ಪುಟದಲ್ಲಿ ಸರ್ವಧಾರಿ ಸಂವತ್ಸರದ ದೀಪಾವಳಿ ಪೂಜೆಯ ಬರಹ. ಅಂದರೆ 1948. ಒಳಗೆ ಹತ್ತಿ, ಶೇಂಗಾ, ಹಮಾಲಿ, ದಲ್ಲಾಳಿ ಲೆಕ್ಕ. ನನಗೆ ಬೇಕಾದದ್ದು ಅದಲ್ಲ. ಹಿಂದಿನ ರಟ್ಟಿನ ಒಂದು ಮೂಲೆಯನ್ನು ಇಲಿ ಕಡಿದಿತ್ತು. ಕಡಿದ ಕಡೆ ಪದರ ಪದರವಾಗಿ ಕಾಗದ ಬಾಯಿ ಬಿಟ್ಟಿತ್ತು. ಒಂದು ಪದರದ ಮೇಲೆ ದಪ್ಪ ಅಕ್ಷರದಲ್ಲಿ ‘ಬ್ದಾರಿ ಸ’ ಎಂದಿತ್ತು, ಅಷ್ಟೇ.

‘ಜವಾಬ್ದಾರಿ ಸರ್ಕಾರ’ ಬಿಟ್ಟು ಬೇರೇನಾದರೂ ಆಗಲು ಸಾಧ್ಯವಾ ಎಂದು ಅಲ್ಲೇ ನಿಂತು ಯೋಚಿಸಿದೆ. ಹೊಳೆಯಲಿಲ್ಲ.

ಆಗಿನ ಬೈಂಡಿಂಗಿನವರು ರಟ್ಟನ್ನು ಯಾವಾಗಲೂ ಕೊಂಡು ತರುತ್ತಿರಲಿಲ್ಲ. ಪ್ರೆಸ್ಸಿನ ರದ್ದಿ ಕಾಗದವನ್ನೇ ಒಂದರ ಮೇಲೊಂದು ಮೈದಾ ಅಂಟಿನಲ್ಲಿ ಅಂಟಿಸಿ, ಒತ್ತಿ ಒಣಗಿಸಿದರೆ ರಟ್ಟು ಆಗುತ್ತಿತ್ತು. ಯುದ್ಧ ಕಾಲದಿಂದ ಕಾಗದಕ್ಕೆ ಬರ ಬೇರೆ. ನನ್ನ ಮುಖದ ಆಸೆ ನೋಡಿ ಅಂಗಡಿಯವರು ತೂಕದ ಮಾತು ಬಿಟ್ಟು ‘ಆರುನೂರು ಕೊಡಿ’ ಎಂದರು. ಕೊಟ್ಟೆ.

ಮನೆಗೆ ತಂದು ನೋಡಿದೆ. ಹಿಂದಿನ ರಟ್ಟು ಪರವಾಗಿಲ್ಲ, ಮುಂದಿನದಕ್ಕೆ ಗೆದ್ದಲು ಮಣ್ಣು ಹತ್ತಿತ್ತು. ಬೆಳ್ಳಿಮೀನಿನ ಹುಳ ಒಂದೆರಡು ಓಡಾಡಿದವು. ಇಡೀ ಪುಸ್ತಕವನ್ನು ಎರಡು ಜಿಪ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಫ್ರೀಜರಿಗೆ ಇಟ್ಟೆ. ಮನೆ ಫ್ರೀಜರು ಮೈನಸ್ 18ರವರೆಗೆ ಹೋಗುತ್ತದೆ. ಹುಳ, ಮೊಟ್ಟೆ ಎರಡೂ ಸಾಯಲಿ ಎಂದು ಹದಿನಾಲ್ಕು ದಿನ. ‘ಬಟಾಣಿ ಪಕ್ಕ ಜಿರಲೆ ಪುಸ್ತಕ ಇಡ್ತೀರಲ್ಲ, ನಾಳೆಯಿಂದ ಪಲಾವ್ ನೀವೇ ಮಾಡ್ಕೊಳ್ಳಿ’ ಎಂದಳು ಹೆಂಡತಿ. ಮಾಡಿಕೊಂಡೆ.

ಜನವರಿ 26: ಒಣ ರಟ್ಟಿಗೆ ಬ್ಲೇಡು

ಹಿಂದಿನ ರಾತ್ರಿಯೇ ಹೊರಗೆ ತೆಗೆದು, ಚೀಲ ಬಿಚ್ಚದೆ ಬಿಟ್ಟೆ. ತಣ್ಣಗಿರುವಾಗಲೇ ಬಿಚ್ಚಿದರೆ ಗಾಳಿಯ ತೇವ ಕಾಗದದ ಮೇಲೆ ನೀರಾಗಿ ಕೂರುತ್ತದೆ.

ಹೊಲಿಗೆ ಕತ್ತರಿಸಿ ರಟ್ಟು ಬೇರೆ ಮಾಡಿದೆ. ಕೆಂಪು ಬಟ್ಟೆ ಸಿಪ್ಪೆಯ ಹಾಗೆ ಸುಲಿದು ಬಂತು. ಅಂಚಿನಲ್ಲಿ ಒಂದಷ್ಟು ನೂಲು ಉಳಿಯಿತು, ಅದನ್ನು ಹಾಗೇ ಬಿಟ್ಟೆ. ಈ ನೂಲನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ಅವಸರ. 160 ರೂಪಾಯಿಯ ಸರ್ಜರಿ ಬ್ಲೇಡಿನ ಸೆಟ್ಟು ತಂದಿದ್ದೆ. ಇಲಿ ಕಡಿದ ಮೂಲೆಯಿಂದ ಬ್ಲೇಡು ತೂರಿಸಿ ಪದರ ಬಿಡಿಸಬಹುದು ಎಂದುಕೊಂಡೆ. ಎರಡು ಸೆಂ.ಮೀ. ಹೋಗುವಷ್ಟರಲ್ಲಿ ಮೇಲಿನ ಹಾಳೆ ಚಕ್ಕೆ ಚಕ್ಕೆಯಾಗಿ ಎದ್ದಿತು. ಒಣಗಿದ ಮೈದಾ ಅಂಟು ಕಾಗದಕ್ಕಿಂತ ಗಟ್ಟಿ. ಬ್ಲೇಡು ಅಂಟಿನ ದಾರಿ ಬಿಟ್ಟು ಕಾಗದದ ದಾರಿ ಹಿಡಿಯುತ್ತದೆ. ಉಗುರಿನಷ್ಟು ಚೂರು ಉದುರಿತು. ಅದರ ಮೇಲೆ ಅಕ್ಷರ ಇರಲಿಲ್ಲ ಎನ್ನುವುದೊಂದೇ ಪುಣ್ಯ. ನಿಲ್ಲಿಸಿದೆ.

ಫೆಬ್ರುವರಿ 2: ತೇವ ಕೊಡುವುದು

ನೀರಿನಲ್ಲಿ ಮುಳುಗಿಸದೆ ಬರೀ ಹಬೆಯಷ್ಟು ತೇವ ಕೊಡಬೇಕು. ಅದಕ್ಕೆ ಸ್ಯಾಂಡ್‌ವಿಚ್ ಹಾಗೆ ಜೋಡಿಸಿದೆ: ಕೆಳಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನೀರು ಚಿಮುಕಿಸಿದ ಬ್ಲಾಟಿಂಗ್ ಪೇಪರ್, ಮೇಲೆ ನೇಯದ ತೆಳು ಬಟ್ಟೆ, ನಡುವೆ ರಟ್ಟು. ಮತ್ತೆ ಬಟ್ಟೆ, ಬ್ಲಾಟಿಂಗ್, ಪ್ಲಾಸ್ಟಿಕ್. ಎಲ್ಲದರ ಮೇಲೆ ಗಾಜು.

ನೇಯದ ಬಟ್ಟೆ ಎಂದರೆ ಟೈಲರುಗಳು ಕಾಲರಿಗೆ ಹಾಕುವಂಥದ್ದು. ಅಂಗಡಿಯಲ್ಲಿ ಕೇಳಿ 80 ರೂಪಾಯಿಯದ್ದು ತಂದೆ. ಕೈಗೆ ಒಂದು ಬದಿ ಸ್ವಲ್ಪ ಮರಳು ಮರಳು ಅನಿಸಿತು. ಸುಮ್ನೆ ಇಸ್ತ್ರಿ ಪೆಟ್ಟಿಗೆ ಇಟ್ಟು ನೋಡಿದರೆ ಟೇಬಲ್ಲಿಗೇ ಅಂಟಿಕೊಂಡಿತು. ಅದು ಫ್ಯೂಸಿಂಗ್, ಬಿಸಿ ತಗುಲಿದರೆ ಕರಗುವ ಅಂಟು ಅದರಲ್ಲೇ ಇರುತ್ತದೆ. ಕರಪತ್ರದ ಮೇಲೆ ಹಾಕಿದ್ದರೆ ಏನಾಗುತ್ತಿತ್ತೋ. ಮತ್ತೆ ಹೋಗಿ, ಅಂಟಿಲ್ಲದ್ದೇ ಬೇಕು ಎಂದು ಬಿಡಿಸಿ ಹೇಳಿ, 150 ರೂಪಾಯಿಗೆ ಎರಡು ಮೀಟರ್ ತಂದೆ.

ನೀರು ಬೋರ್‌ವೆಲ್ಲಿನದ್ದು ಬೇಡ. ನಮ್ಮ ಕಡೆ ನೀರು ಗಡಸು, ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಬ್ಯಾಟರಿ ನೀರು, ಅಂದರೆ ಲವಣ ತೆಗೆದ ನೀರು, 5 ಲೀಟರಿನ ಕ್ಯಾನು 110 ರೂಪಾಯಿ, ಎರಡು ತಂದೆ. ಬ್ಲಾಟಿಂಗ್ ಹತ್ತು ಹಾಳೆಗೆ 300.

ಮೂರು ಗಂಟೆಯಲ್ಲಿ ಏನೂ ಆಗಲಿಲ್ಲ. ಐದು ಗಂಟೆಗೆ ಅಂಚು ಮೆತ್ತಗಾಯಿತು. ಆರು ಗಂಟೆಗೆ ಮೇಲಿನ ಪದರದ ಒಂದು ಮೂಲೆ ತಾನಾಗಿ ಎದ್ದಿತು. ಹಳೇ ಹಿಟ್ಟಿನ ಹುಳಿ ವಾಸನೆ ಗಪ್ಪನೆ ಬಂತು, 77 ವರ್ಷದ ಹಿಂದಿನ ಅಂಟು. ಚಪ್ಪಟೆ ಕಡ್ಡಿಯಿಂದ ನಿಧಾನವಾಗಿ ಬಿಡಿಸಿದೆ. ಮೊದಲ ಹಾಳೆ ಹೊರಬಂತು: ನಸ್ಯದ ಜಾಹೀರಾತು! ಅಚ್ಚು ಅಂದರೆ ಅಚ್ಚು, ಒಂದು ಅಕ್ಷರವೂ ಮಾಸಿಲ್ಲ. ಕೊನೆಗೂ ಈ ಐದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಉಳಿದದ್ದು ಆ ನಸ್ಯವೇ.

ಎರಡನೆಯದು ಬಿಡಿಸುವಷ್ಟರಲ್ಲಿ ರಾತ್ರಿ ಹನ್ನೊಂದು. ಅದೇ ಜವಾಬ್ದಾರಿ ಸರ್ಕಾರದ್ದು. ಬಿಳಿ ಕಾಗದ, ಒಂದೇ ಬದಿ ಅಚ್ಚು. ಉಳಿದದ್ದನ್ನು ಒಣ ಬ್ಲಾಟಿಂಗಿನ ನಡುವೆ ಇಟ್ಟು ಮಲಗಿದೆ. ತೇವದಲ್ಲೇ ರಾತ್ರಿಯೆಲ್ಲ ಬಿಟ್ಟರೆ ಬೂಷ್ಟು ಹಿಡಿಯುತ್ತದೆ.

ಫೆಬ್ರುವರಿ 9: ಕೆಡಿಸಿದ್ದು

ಮೂರನೆಯ ಹಾಳೆ ಹಬೆಯಲ್ಲೇ ಸಲೀಸಾಗಿ ಬಂತು. ಅದು ಸೈಕ್ಲೋಸ್ಟೈಲ್ ಪ್ರತಿ. ಉಳಿದ ಎರಡು ಹಾಳೆ ಒಂದಕ್ಕೊಂದು ಗಟ್ಟಿಯಾಗಿ ಕಚ್ಚಿಕೊಂಡಿದ್ದವು. ಅಲ್ಲಿ ಅಂಟು ದಪ್ಪ. ಆರು ಗಂಟೆ ಹಬೆ ಕೊಟ್ಟರೂ ಜಗ್ಗಲಿಲ್ಲ. ಸಂಜೆ ನಾಲ್ಕು ದಾಟಿತ್ತು. ಮುಂದಿನ ಭಾನುವಾರದವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಟ್ರೇಗೆ ಬ್ಯಾಟರಿ ನೀರು ಹಾಕಿ ಮುಳುಗಿಸೋಣ ಎಂದು ತೀರ್ಮಾನಿಸಿದೆ.

ಮುಳುಗಿಸುವ ಮೊದಲು ಪರೀಕ್ಷೆ ಮಾಡಲಿಲ್ಲವೇ ಎಂದರೆ, ಮಾಡಿದೆ. ಕಿವಿ ಕಡ್ಡಿಯ ಹತ್ತಿ ಒದ್ದೆ ಮಾಡಿ ಒಂದು ಕಪ್ಪು ಅಕ್ಷರದ ಮೇಲೆ ಅರ್ಧ ನಿಮಿಷ ಒತ್ತಿದೆ. ಬಣ್ಣ ಬಿಡಲಿಲ್ಲ. ಅಚ್ಚಿನ ಮಸಿ ಎಣ್ಣೆಯದ್ದು, ನೀರಿಗೆ ಬಿಡುವುದಿಲ್ಲ. ಅದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದನ್ನೇ ಪರೀಕ್ಷೆ ಮಾಡಿದೆ. ಕಾಗದದ ಬಣ್ಣವನ್ನು ಪರೀಕ್ಷಿಸಲಿಲ್ಲ. ಅಂಟಿನ ಕೊಳೆಯ ಕೆಳಗೆ ಆ ಕಾಗದ ಮಾಸಲು ಕಂದು ಕಾಣುತ್ತಿತ್ತು. ಅದು ಗುಲಾಬಿ ಕಾಗದ ಎಂದು ಹೊಳೆಯಲೇ ಇಲ್ಲ.

ಹತ್ತು ನಿಮಿಷಕ್ಕೆ ನೀರು ಕೆಂಪಾಯಿತು. ಅಂಚಿನ ಕೆಂಪು ನೂಲಿನ ಬಣ್ಣ ಇರಬೇಕು ಎಂದುಕೊಂಡೆ. ನೂಲನ್ನು ಚಿಮುಟದಲ್ಲಿ ಕಿತ್ತು ಹಾಕಿ, ನೀರು ಬದಲಾಯಿಸಿ, ಮತ್ತೆ ಇಟ್ಟೆ. ಚಹಾ ಕುಡಿದು ಬಂದೆ. ಎರಡನೆಯ ನೀರು ಇನ್ನೂ ಕೆಂಪಾಗಿತ್ತು. ಆಗ ಹೊಟ್ಟೆ ತೊಳಸಿದಂತಾಯಿತು.

ಹಾಳೆಗಳು ಬಿಟ್ಟುಕೊಂಡವು, ನಿಜ. ಗುಲಾಬಿ ಹಾಳೆ ಈಗ ಗುಲಾಬಿಯಲ್ಲ. ನಡುವೆ ಬಿಳಿಚಿ, ಅಂಚಿಗೆ ಮಾತ್ರ ಬಣ್ಣ ಉಳಿದು, ತೊನ್ನು ಹತ್ತಿದ ಹಾಗಿದೆ. ಪಕ್ಕದಲ್ಲಿದ್ದ ಬಿಳಿ ಹಾಳೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಅಲೆ ಅಲೆಯಾಗಿ ಗುಲಾಬಿ ಕಲೆ. ಆ ಬಿಳಿ ಹಾಳೆ ಜವಾಬ್ದಾರಿ ಸರ್ಕಾರದ್ದೇ ಇನ್ನೊಂದು ಪ್ರತಿ, ಅದೊಂದು ಸಮಾಧಾನ. ಗುಲಾಬಿಯದ್ದು ಒಂದೇ ಪ್ರತಿ.

ಪ್ರೆಸ್ಸಿನಲ್ಲಿ ಒಬ್ಬರು ಬ್ಲೀಚಿಂಗ್ ಹಾಕು ಎಂದರು. ಇನ್ನೊಬ್ಬರು ಬಿಸಿಲಿಗೆ ಇಡು ಎಂದರು. ಎರಡೂ ಮಾಡಲಿಲ್ಲ. ಹೋದ ಬಣ್ಣವಂತೂ ಬರುವುದಿಲ್ಲ, ಉಳಿದ ಕಾಗದದ ಜೀವವನ್ನೂ ಯಾಕೆ ತೆಗೆಯಲಿ. ಆ ರಾತ್ರಿ ಅಪ್ಪನಿಗೆ ತೋರಿಸಲಿಲ್ಲ. ಮರುದಿನ ಅವರೇ ನೋಡಿದರು. ‘ಅಗ್ಗದ ಬಣ್ಣದ ಕಾಗದ ಐತಿ. ನಮ್ ಕಾಲದಾಗೂ ಬೆವರ ಕೈಯಾಗ ಹಿಡಿದ್ರ ಅಂಗೈ ಕೆಂಪಾಗ್ತಿತ್ತು. ನನ್ ಕೇಳಬಾರದಿತ್ತೇನು?’ ಎಂದರು. ಒಳಕೋಣೆಯಲ್ಲೇ ಇದ್ದರು. ಕೇಳಬಹುದಿತ್ತು.

ವಾರದ ನಡುವೆ: ಓದಿದ್ದು

ಒಣಗಿದ ಮೇಲೆ ರಾತ್ರಿ ರಾತ್ರಿ ಕೂತು ಓದಿದೆವು. ಅಳತೆ ಮೂರು ಅಚ್ಚಿನ ಕರಪತ್ರಕ್ಕೂ ಒಂದೇ, ಸುಮಾರು 14 ಸೆಂ.ಮೀ. ಅಗಲ, 22 ಉದ್ದ. ಅಪ್ಪನ ಲೆಕ್ಕದಲ್ಲಿ ಡೆಮಿ 1/8, ಅಂದರೆ ಡೆಮಿ ಅಳತೆಯ ದೊಡ್ಡ ಹಾಳೆಯ ಎಂಟನೇ ಒಂದು ಭಾಗ.

ಬಿಳಿ ಹಾಳೆ ಮಂಡಿ ವರ್ತಕರಿಗೂ ವಿದ್ಯಾರ್ಥಿಗಳಿಗೂ ಬರೆದದ್ದು. ಜವಾಬ್ದಾರಿ ಸರ್ಕಾರ ಬರುವವರೆಗೆ ಚಳವಳಿಗೆ ಬೆಂಬಲ ಕೊಡಿ ಎನ್ನುವುದು ತಾತ್ಪರ್ಯ. ಇಸವಿ ಇಲ್ಲ. ಕೆಳಗೆ ಸಣ್ಣದಾಗಿ ‘ಸರ್ವಜಿತು ಸಂ|| ಭಾದ್ರಪದ ಶು|| 10’ ಎಂದಿದೆ. ಸರ್ವಜಿತು ಅಂದರೆ 1947-48. ಆ ವರ್ಷ ಅಧಿಕ ಶ್ರಾವಣ ಬಂದಿತ್ತು, ಆಗಸ್ಟ್ 15 ಬಿದ್ದದ್ದೇ ಅಧಿಕ ಮಾಸದಲ್ಲಿ. ಹಾಗಾಗಿ ಭಾದ್ರಪದ ಶುರುವಾದದ್ದು ಸೆಪ್ಟೆಂಬರ್ ನಡುವಿಗೆ. ಶುದ್ಧ ದಶಮಿ ಎಂದರೆ ಸೆಪ್ಟೆಂಬರ್ ಕೊನೆಯ ವಾರದ ಆಸುಪಾಸು.

ಈಗಿನ ಹುಡುಗರಿಗೆ ಇದು ವಿಚಿತ್ರ ಅನಿಸುತ್ತದೆ. ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಸೆಪ್ಟೆಂಬರಿನಲ್ಲಿ ಯಾವ ಚಳವಳಿ? ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಜಿಲ್ಲೆ ಮೈಸೂರು ಸಂಸ್ಥಾನದಲ್ಲಿತ್ತು. ಮಹಾರಾಜರು ಭಾರತದ ಒಕ್ಕೂಟಕ್ಕೆ ಸೇರಲು ಸಹಿ ಹಾಕಿದ್ದರು. ಆದರೆ ಸಂಸ್ಥಾನದ ಅಧಿಕಾರ ದಿವಾನರ ಕೈಯಲ್ಲೇ ಇತ್ತು. ಜನರಿಂದ ಆಯ್ಕೆಯಾಗಿ ಜನರಿಗೆ ಉತ್ತರ ಕೊಡುವ ಸರ್ಕಾರ ಬೇಕೆಂದು ಮೈಸೂರು ಕಾಂಗ್ರೆಸ್ ಸೆಪ್ಟೆಂಬರ್ 1ರಿಂದ ಸತ್ಯಾಗ್ರಹಕ್ಕೆ ಇಳಿಯಿತು. ಅದೇ ಮೈಸೂರು ಚಲೋ. ಅಕ್ಟೋಬರಿನಲ್ಲಿ ಒಪ್ಪಂದವಾಗಿ, 25ರಂದು ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಎರಡು ತಿಂಗಳೂ ತುಂಬದ ಚಳವಳಿ. ಅದರ ಕಾಗದ ಕಡಿಮೆ ಸಿಗುವುದಕ್ಕೆ ಅದೂ ಒಂದು ಕಾರಣ ಇರಬೇಕು. 1942ರ ಗೋಲಿಬಾರಿನಲ್ಲಿ ಸತ್ತವರಿಗೆ ನಮ್ಮೂರ ಪಾಲಿಕೆ ಆವರಣದಲ್ಲಿ ಸ್ಮಾರಕವಿದೆ, ದಿನಾ ಕಣ್ಣಿಗೆ ಬೀಳುತ್ತದೆ. 1947ರ ಸೆಪ್ಟೆಂಬರಿನ ಬಗ್ಗೆ ನಾನು ಶಾಲೆಯಲ್ಲಿ ಓದಿದ್ದು ಒಂದೇ ಸಾಲು.

ಸೈಕ್ಲೋಸ್ಟೈಲ್ ಹಾಳೆ ಕೈಬರಹದ್ದು. ಮೇಣದ ಕಾಗದದ ಮೇಲೆ ಉಕ್ಕಿನ ಮೊನೆಯಿಂದ ಬರೆದು, ಮಸಿ ಹಾಯಿಸಿ ತೆಗೆದ ಪ್ರತಿ. ಕನ್ನಡಕ್ಕೆ ಇದರಲ್ಲಿ ಒಂದು ಕಷ್ಟವಿದೆ. ನಮ್ಮ ಅಕ್ಷರವೆಲ್ಲ ದುಂಡು. ಮೊನೆ ಸುತ್ತು ಬಂದು ಕೂಡಿದರೆ ನಡುವಿನ ಮೇಣದ ಬಿಲ್ಲೆ ಉದುರಿಹೋಗುತ್ತದೆ, ಅಲ್ಲಿ ಮಸಿ ತುಂಬುತ್ತದೆ. ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ‘ಠ’, ‘ರ’, ಸೊನ್ನೆ ಎಲ್ಲದರ ಸುತ್ತನ್ನೂ ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ಬಾಯಿ ಬಿಟ್ಟಿದ್ದಾರೆ. ಕೊನೆಯ ಎರಡು ಸಾಲಿಗೆ ಬರುವಾಗ ಅವಸರವಾಗಿದೆ, ಸೊನ್ನೆಗಳೆಲ್ಲ ಕಪ್ಪು ಉಂಡೆ. ಆ ಸಾಲುಗಳಲ್ಲೇ ಘೋಷಣೆ ಇರುವುದು: ‘ಆರ್ಕಾಟ್ ಬಾಯ್ಕಾಟ್, ತಂಬೂಚೆಟ್ಟಿ ಚಟ್ಟ ಕಟ್ಟಿ’. ದಿವಾನರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್, ತಂಬೂಚೆಟ್ಟಿ ಮಹಾರಾಜರ ಖಾಸಗಿ ಕಾರ್ಯದರ್ಶಿ. ಅಪ್ಪ ಚಿಕ್ಕವರಿದ್ದಾಗ ಓಣಿಯ ಹುಡುಗರು ಇದನ್ನು ಆಟದ ಹಾಡಿನ ಹಾಗೆ ಕೂಗುತ್ತಿದ್ದರಂತೆ, ಯಾರ ಚಟ್ಟ ಎಂದು ಗೊತ್ತಿಲ್ಲದೆ.

ಗುಲಾಬಿ ಹಾಳೆ ಹರತಾಳದ ಕರೆ. ಅಂಗಡಿ ಮುಚ್ಚಿ ಎಂದು ಐದೇ ಸಾಲು. ಇದರಲ್ಲಿ ತಾರೀಖೂ ಇಲ್ಲ, ಸಂವತ್ಸರವೂ ಇಲ್ಲ. ಬಿಳಿಯದರಲ್ಲಾಗಲಿ ಇದರಲ್ಲಾಗಲಿ ಅಚ್ಚು ಹಾಕಿದ ಪ್ರೆಸ್ಸಿನ ಹೆಸರಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1867ರ ಕಾಯ್ದೆಯ ಪ್ರಕಾರ ಮುದ್ರಕರ ಹೆಸರು, ಊರು ಹಾಕಲೇಬೇಕಿತ್ತು. ಮೈಸೂರು ಸೀಮೆಗೆ ಬೇರೆಯೇ ಕಾನೂನು. ಹರಿಹರದ ಹತ್ತಿರ ತುಂಗಭದ್ರೆ ದಾಟಿದರೆ ಬೊಂಬಾಯಿ ಪ್ರಾಂತ್ಯ. ಹಾಗಾಗಿ ಮೈಸೂರು ಪೊಲೀಸರ ಕಣ್ಣು ತಪ್ಪಿಸಲು ಆಚೆ ದಡದಲ್ಲಿ ಅಚ್ಚಾಗಿ ಬಂದಿರಬಹುದು ಎಂದು ನಾನು ಕಥೆ ಕಟ್ಟಲು ಶುರು ಮಾಡಿದೆ.

ಅಪ್ಪ ಭೂತಗನ್ನಡಿ ಹಿಡಿದು ಎರಡು ದಿನ ಸುಮ್ಮನೆ ಕೂತರು. ಮೂರನೇ ದಿನ ಕರೆದರು. ಬಿಳಿ ಹಾಳೆಯ ‘ಎಲ್ಲ’ದಲ್ಲಿ ಲ ಒತ್ತಿನ ಬಾಲ ಮುರಿದಿದೆ. ಗುಲಾಬಿ ಹಾಳೆಯ ‘ಮೆಲ್ಲ’ದಲ್ಲೂ ಅದೇ ಒತ್ತು, ಅದೇ ಕಡೆ ಮುರಿದಿದೆ. ಒತ್ತಕ್ಷರಕ್ಕೆ ಬೇರೆಯೇ ಮೊಳೆ ಇರುತ್ತಿತ್ತು. ಹಾಗಾಗಿ ಅದೇ ಮೊಳೆ, ಅದೇ ಪೆಟ್ಟಿಗೆ, ಅದೇ ಪ್ರೆಸ್ಸು. ‘ಟ್ರೆಡಲ್ಲಿನಾಗ ಹೊಡ್ದಾರ. ಒಬ್ಬನ ಕೈ’ ಎಂದರು. ಟ್ರೆಡಲ್ ಎಂದರೆ ಕಾಲಿನಲ್ಲಿ ತುಳಿದು ಓಡಿಸುವ ಸಣ್ಣ ಅಚ್ಚಿನ ಯಂತ್ರ. ಬಿಳಿಯದರ ಮೇಲೆ ತಾರೀಖಿದೆ. ಹಾಗಾಗಿ ಗುಲಾಬಿಯದ್ದೂ ಆ ದಿನಗಳ ಹತ್ತಿರದ್ದೇ ಇರಬೇಕು. ಅದೇ ಪ್ರೆಸ್ಸಿನ ರದ್ದಿ ಮಂಡಿಪೇಟೆ ಕಡೆಯ ಬೈಂಡಿಂಗಿನವರಿಗೆ ಸಿಕ್ಕಿ, ಕಿರ್ದಿಗೆ ರಟ್ಟಾಗಿದ್ದರೆ, ಪ್ರೆಸ್ಸು ಹೊಳೆ ಆಚೆ ಇರಲಿಕ್ಕಿಲ್ಲ, ಈ ಊರಿನಲ್ಲೇ ಇರಬೇಕು ಅಲ್ವಾ? ನನ್ನ ಹೊಳೆ ದಾಟಿಸುವ ಕಥೆ ಅಲ್ಲಿಗೆ ಮುಗಿಯಿತು.

ಫೆಬ್ರುವರಿ 16: ತೊಳೆಯುವುದು, ಸುಣ್ಣದ ನೀರು

ಈ ಸಲ ಪ್ರತಿ ಹಾಳೆಗೂ ಮೂರು ಕಡೆ ಪರೀಕ್ಷೆ: ಮಸಿ, ಕಾಗದ, ಕೈಯಲ್ಲಿ ಬರೆದ ಗುರುತು. ಸೈಕ್ಲೋಸ್ಟೈಲ್ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ಅಂಕಿ ಇತ್ತು. ನೋಡಲು ಮಾಮೂಲಿ ಸೀಸದ ಕಡ್ಡಿ. ಒದ್ದೆ ಹತ್ತಿ ಮುಟ್ಟಿಸಿದ ತಕ್ಷಣ ನೇರಳೆಯಾಯಿತು. ಇಂಕ್ ಪೆನ್ಸಿಲ್! ನೀರು ತಾಗಿದರೆ ಶಾಯಿಯಾಗುವ ಜಾತಿ. ಅದಕ್ಕೆ ನೀರು ಮುಟ್ಟಿಸಲೇ ಇಲ್ಲ. ಮೆತ್ತನೆ ಕುಂಚದಿಂದ ಧೂಳು ತೆಗೆದು ಬಿಟ್ಟೆ. ಗುಲಾಬಿಯದ್ದಕ್ಕೂ ಇನ್ನು ನೀರು ಬೇಡ. ನಸ್ಯವನ್ನು ಹಾಗೇ ಬಿಟ್ಟೆ.

ಉಳಿದದ್ದು ಬಿಳಿ ಹಾಳೆಗಳು, ಎರಡು. ಪಟ್ಟಿ ಇಟ್ಟು ನೋಡಿದರೆ ಪಿಎಚ್ 5ರ ಹತ್ತಿರ, ಹುಳಿ. ಮರದ ತಿರುಳಿನ ಅಗ್ಗದ ಕಾಗದ ತನ್ನ ಹುಳಿಯಲ್ಲೇ ಕಂದಾಗಿ ಮುರಿಯುತ್ತದೆ. ಅದಕ್ಕೆ ಸುಣ್ಣದ ತಿಳಿನೀರು ಮದ್ದು. ಒಂದು ಲೀಟರ್ ನೀರಿಗೆ ಒಂದು ಚಮಚ ಸುಣ್ಣ, ಮುಚ್ಚಿ ರಾತ್ರಿಯಿಡೀ ಬಿಟ್ಟು, ಮೇಲಿನ ಕೆನೆ ತೆಗೆದು, ತಿಳಿ ಮಾತ್ರ ಬಸಿದೆ.

ಮೊದಲು ರಟ್ಟಿನಿಂದ ಉದುರಿದ ಚೂರನ್ನು ತಿಳಿಯಲ್ಲೇ ಅದ್ದಿ ನೋಡಿದೆ. ಕಾಗದ ಇನ್ನೂ ಹಳದಿಯಾಯಿತು. ಇಂಥ ಕಾಗದಕ್ಕೆ ಸುಣ್ಣ ಜಾಸ್ತಿಯಾದರೆ ಹಾಗೇ. ಸದ್ಯ, ಚೂರಿನ ಮೇಲೆ ನೋಡಿದೆ. ಆಮೇಲೆ ಬರೀ ಬ್ಯಾಟರಿ ನೀರಿಗೆ ತಿಳಿಯನ್ನು ಹನಿ ಹನಿಯಾಗಿ ಬಿಟ್ಟು, ಪಟ್ಟಿ 9 ತೋರಿಸಿದ ಕೂಡಲೇ ನಿಲ್ಲಿಸಿದೆ. ನೇಯದ ಬಟ್ಟೆಯ ಮೇಲೆ ಹಾಳೆ ಮಲಗಿಸಿ, ಬಟ್ಟೆ ಸಮೇತ ಇಳಿಸಿದೆ. ಒದ್ದೆ ಕಾಗದವನ್ನು ಬರಿಗೈಯಲ್ಲಿ ಎತ್ತಬಾರದು, ತನ್ನ ಭಾರಕ್ಕೇ ಹರಿಯುತ್ತದೆ. ಇಪ್ಪತ್ತು ನಿಮಿಷ, ಎರಡು ಸಲ. ನೀರು ತೆಳು ಚಹಾದ ಬಣ್ಣಕ್ಕೆ ತಿರುಗಿತು. ಒಣಗಿದ ಮೇಲೆ ಪಿಎಚ್ 7.5, ಹುಳಿ ಹೋಗಿತ್ತು. ಗುಲಾಬಿ ಕಲೆ ಸ್ವಲ್ಪವೂ ಹೋಗಲಿಲ್ಲ.

ಫೆಬ್ರುವರಿ 22-23: ಅಂಟು ಮತ್ತು ತೇಪೆ

ನಮ್ಮ ಬೈಂಡಿಂಗಿನ ಅಂಟು ಎಂದರೆ ಮೈದಾ ಕಾಯಿಸಿ, ಹುಳ ಬಾರದ ಹಾಗೆ ಮೈಲುತುತ್ತ ಹಾಕುವುದು. ಬಿಲ್ ಬುಕ್ಕಿಗೆ ಅದು ಸರಿ. ಇಲ್ಲಿ ತುತ್ತ ಬೇಡ, ತಾಮ್ರ ಕಾಗದವನ್ನು ಕೆಡಿಸುತ್ತದೆ. ಮೈದಾದ ಜಿಗುಟೂ ಬೇಡ, ಬರೀ ಪಿಷ್ಟ ಬೇಕು. ಅದನ್ನು ತೆಗೆಯುವುದು ಹೇಗೆಂದು ತಲೆ ಕೆಡಿಸಿಕೊಂಡಿದ್ದಾಗ ಅಮ್ಮ, ‘ಗೋಧಿ ಹಾಲು ತೆಗಿಯೋದಲ್ಲೇನೋ ಅದು, ಹಲ್ವಕ್ಕೆ ತೆಗಿಯಲ್ಲೇನು?’ ಎಂದರು. ಅದೇ. ಮೈದಾ ಕಣಕ ಕಲಸಿ, ಅರ್ಧ ಗಂಟೆ ಬಿಟ್ಟು, ನೀರಿನಲ್ಲಿ ಕಿವುಚಿದರೆ ಹಾಲು ನೀರಿಗೆ ಬರುತ್ತದೆ, ರಬ್ಬರಿನಂಥ ಜಿಗುಟು ಕೈಯಲ್ಲಿ ಉಳಿಯುತ್ತದೆ. ಸೋಸಿ, ರಾತ್ರಿ ಬಿಟ್ಟು, ಮೇಲಿನ ನೀರು ಚೆಲ್ಲಿದರೆ ಬಿಳಿ ಗಸಿ. ಒಂದು ಭಾಗ ಗಸಿಗೆ ಐದು ಭಾಗ ನೀರು, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕೈ ಬಿಡದೆ ತಿರುಗಿಸಿ, ಆರಿಸಿ, ಬಟ್ಟೆಯಲ್ಲಿ ಹಿಂಡಿ ಸೋಸಿದೆ. ಮೊದಲ ಸಲ ಹತ್ತೇ ನಿಮಿಷಕ್ಕೆ ಇಳಿಸಿದ್ದೆ. ಗಂಟು ಗಂಟಾಗಿ, ಅಂಟು ಹಿಡಿಯಲೇ ಇಲ್ಲ.

ತೇಪೆಗೆ ಜಪಾನಿ ಟಿಶ್ಯೂ, ಅಂದರೆ ತೀರಾ ತೆಳುವಾದರೂ ಗಟ್ಟಿ ಕಾಗದ, 9 ಜಿಎಸ್‌ಎಂ. ಮೂರು ಹಾಳೆ, ಒಂದಕ್ಕೆ 280, ಕೊರಿಯರ್ 120. ಕತ್ತರಿಯಲ್ಲಿ ಕತ್ತರಿಸಬಾರದು. ಒದ್ದೆ ಕುಂಚದಲ್ಲಿ ಗೆರೆ ಎಳೆದು ಕೈಯಲ್ಲಿ ಹರಿದರೆ ಅಂಚಿನಲ್ಲಿ ಹತ್ತಿಯಂಥ ಎಳೆ ಬರುತ್ತದೆ, ಅದೇ ಕಾಗದವನ್ನು ಹಿಡಿದುಕೊಳ್ಳುವುದು. ಹಿಂಬದಿಯಿಂದ ಮಾತ್ರ ಅಂಟಿಸಿದೆ.

ಇಲ್ಲಿಯೂ ಒಂದು ತಪ್ಪು, ಅದೂ ಪ್ರೆಸ್ಸಿನವನು ಮಾಡಬಾರದ ತಪ್ಪು. ಕಾಗದಕ್ಕೆ ಎಳೆ ಓಡುವ ದಿಕ್ಕು ಇರುತ್ತದೆ. ಬಿಳಿ ಹಾಳೆಯ ಉದ್ದ ಹರಕಿಗೆ ಟಿಶ್ಯೂವನ್ನು ಅಡ್ಡ ಎಳೆಯಲ್ಲಿ ಹಾಕಿಬಿಟ್ಟೆ. ಶಿವರಾತ್ರಿ ಮುಂಚಿನ ಒಣ ಗಾಳಿ ಬೇರೆ. ಒಂದು ಗಂಟೆಯಲ್ಲಿ ಹಾಳೆ ಕರಿದ ಹಪ್ಪಳದ ಹಾಗೆ ಸುರುಳಿಯಾಯಿತು. ಮತ್ತೆ ಹಬೆ ಕೊಟ್ಟು, ತೇಪೆ ಕಿತ್ತು, ಉದ್ದ ಎಳೆಯಲ್ಲಿ ಹಾಕಿ, ಬ್ಲಾಟಿಂಗ್ ನಡುವೆ ಭಾರ ಇಟ್ಟೆ. ಭಾರಕ್ಕೆ ಅಪ್ಪ ಉಳಿಸಿಕೊಂಡಿದ್ದ ಮೊಳೆಯ ಡಬ್ಬಿಗಳು, ಪ್ಲಾಸ್ಟಿಕ್ ಸುತ್ತಿ. ಒಂದೊಂದು ಮೂರು ಕೆ.ಜಿ. ಬ್ಲಾಟಿಂಗನ್ನು ಮೊದಲ ದಿನ ಮೂರು ಸಲ ಬದಲಿಸಿದೆ. ಒಂದು ವಾರ ಮುಟ್ಟಲಿಲ್ಲ. ನೇರವಾಯಿತು.

ಇಲಿ ತಿಂದ ಮೂಲೆಗೆ ಟಿಶ್ಯೂ ತುಂಬಿದೆ, ಅಕ್ಷರ ತುಂಬಲಿಲ್ಲ. ‘ಜವಾ’ ಹೋದದ್ದು ಹೋಗಿಯೇ ಇರಲಿ.

ಮಾರ್ಚ್ 2: ಇಡುವುದು, ಲೆಕ್ಕ

100 ಮೈಕ್ರಾನಿನ ಪಾಲಿಯೆಸ್ಟರ್ ಹಾಳೆ ಎರಡು ಕಡೆ ಮಾತ್ರ ಮುಚ್ಚಿ, ಎರಡು ಕಡೆ ತೆರೆದು, ಕರಪತ್ರ ಸುಮ್ಮನೆ ಒಳಗೆ ಸೇರಿಸಿದೆ. ಬಿಸಿಯೂ ಇಲ್ಲ, ಅಂಟೂ ಇಲ್ಲ, ಬೇಕೆಂದಾಗ ಜಾರಿಸಿ ತೆಗೆಯಬಹುದು. ಅದಕ್ಕೂ ಮೊದಲು 600 ಡಿಪಿಐಗೆ ಸ್ಕ್ಯಾನ್ ಮಾಡಿದೆ, ಎರಡೂ ಬದಿ. ಗುಲಾಬಿಯದ್ದನ್ನು ಮುಳುಗಿಸುವ ಮೊದಲು ಒಂದು ಫೋಟೋ ಕೂಡ ತೆಗೆದಿರಲಿಲ್ಲ. ಅದರ ಮೂಲ ಬಣ್ಣಕ್ಕೆ ಅಂಚಿನ ಅರ್ಧ ಸೆಂ.ಮೀ. ಪಟ್ಟಿ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಖರ್ಚು: ಕಿರ್ದಿ 600, ಟಿಶ್ಯೂ 960, ಪಾಲಿಯೆಸ್ಟರ್ 450, ಬ್ಲಾಟಿಂಗ್ 300, ನೀರು 220, ಪಿಎಚ್ ಪಟ್ಟಿ 180, ಬ್ಲೇಡು 160, ಬಟ್ಟೆ 150, ಕುಂಚ 140, ದಂಡವಾದ ಫ್ಯೂಸಿಂಗ್ 80, ಮೈದಾ 45. ಒಟ್ಟು 3,285. ಪಲಾವ್ ಲೆಕ್ಕಕ್ಕಿಲ್ಲ.

ಕಲೆ ಬಿದ್ದ ಪ್ರತಿ ನನ್ನ ಹತ್ತಿರ ಇರುತ್ತದೆ. ಚೆನ್ನಾಗಿರುವ ಬಿಳಿ ಪ್ರತಿಯನ್ನು ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಕೊಡುವ ಮನಸ್ಸಿದೆ. ಅಪ್ಪನಿಗೆ ಇಷ್ಟವಿಲ್ಲ. ಮುರಿದ ಲ ಒತ್ತನ್ನು ಇನ್ನೂ ಒಂದಷ್ಟು ದಿನ ನೋಡಬೇಕಂತೆ.

ಉಳಿದದ್ದು

ಮುಂದಿನ ರಟ್ಟು ಹಾಗೇ ಇದೆ. ಮಾರ್ಚ್ 9ಕ್ಕೆ ಎಂಟು ಗಂಟೆ, 16ಕ್ಕೆ ಹತ್ತು ಗಂಟೆ ಹಬೆ ಕೊಟ್ಟೆ. ಒಂದು ಮೂಲೆ ಬಿಟ್ಟು ಬೇರೇನೂ ಏಳಲಿಲ್ಲ. ಅಂಟಿನ ಬಣ್ಣ ಕಡುಕಂದು, ವಾಸನೆ ಹಿಟ್ಟಿನದ್ದಲ್ಲ. ಬಡಗಿಗಳು ಹಾಕುವ ವಜ್ರದ ಅಂಟು, ಅಂದರೆ ಪ್ರಾಣಿಯ ಚರ್ಮ, ಮೂಳೆ ಬೇಯಿಸಿ ಮಾಡುವ ಅಂಟು ಇರಬೇಕು ಎನ್ನುತ್ತಾರೆ ಅಪ್ಪ. ಅದಕ್ಕೆ ಬೆಚ್ಚಗಿನ ತೇವ ಬೇಕು. ಬೆಚ್ಚಗೆ ಮಾಡಿದರೆ ಗೆದ್ದಲು ತಿಂದ ಕಾಗದ ಎಷ್ಟು ತಡೆಯುತ್ತದೋ ಕಾಣೆ. ಸದ್ಯಕ್ಕೆ ಒಣಗಿಸಿ, ಭಾರ ಇಟ್ಟು, ಅಟ್ಟಕ್ಕೆ ಹಾಕಿದ್ದೇನೆ. ಒಳಗೆ ಬಣ್ಣದ ಕಾಗದ ಇದ್ದರೂ ಇರಬಹುದು, ಅದಕ್ಕೇ ಟ್ರೇ ಕಡೆ ತಲೆ ಹಾಕುವುದಿಲ್ಲ.

ಎದ್ದ ಆ ಮೂಲೆಯಲ್ಲಿ ಒಂದೂವರೆ ಸೆಂ.ಮೀ. ಎತ್ತರದ ಅಕ್ಷರವೊಂದು ಕಾಣುತ್ತದೆ, ‘ಡಿ’. ಅದರ ಹಿಂದೆ ಏನೋ ಇದೆ, ಕಾಣುವುದಿಲ್ಲ. ‘ಮಾಡು ಇಲ್ಲವೇ ಮಡಿ’ ಎನ್ನುತ್ತೇನೆ ನಾನು. ಅಪ್ಪ ಯಾವುದೋ ಅಂಗಡಿ ಎನ್ನುತ್ತಾರೆ.